ಯಾವ ಅಪ್ಪರೀ? ಹೆಸರಿದ್ದೂ ಕೈಗೆ ಸಿಗದ ಸಿನಿಮಾ

ಗಾಣಗಾಪುರ: ಇಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಒಮ್ಮೆ ‘ಅಪ್ಪಾ’ ಎಂದು ಕೂಗಿ ನೋಡಿ. ಹತ್ತು ತಲೆ ಒಟ್ಟಿಗೆ ತಿರುಗುತ್ತವೆ. ಹಡೆದ ತಂದೆ ಅಪ್ಪ, ಮಠದ ಸ್ವಾಮಿಗಳು ಅಪ್ಪಾವರು, ಅಂಗಡಿಗೆ ಬಂದ ಹುಡುಗನೂ ‘ಏನ್ ಬೇಕೋ ಅಪ್ಪಾ’! ಇಂಥ ಹೆಸರನ್ನೇ ಸಿನಿಮಾಕ್ಕೆ ಇಟ್ಟರೆ ಗತಿ ಏನು?

ಗೋವಿಂದ ನಿಹಲಾನಿ 1991ರಲ್ಲಿ ‘ಪಿತಾ’ ಎಂಬ ಹಿಂದಿ ಚಿತ್ರ ಮಾಡಿದರು. ಸ್ವೀಡನ್ನಿನ ಸ್ಟ್ರಿಂಡ್‌ಬರ್ಗ್ 1887ರಲ್ಲಿ ಬರೆದ ನಾಟಕ ಅದಕ್ಕೆ ಮೂಲ. ನಾಟಕದ ಹೆಸರೂ ‘ತಂದೆ’ ಎಂದೇ. ಮಗಳು ತನ್ನವಳು ಹೌದೋ ಅಲ್ಲವೋ ಎಂಬ ಅನುಮಾನದಲ್ಲಿ ಅಪ್ಪ ಹುಚ್ಚನಾಗುವ ಕಥೆ. ಈಗ ಆ ಚಿತ್ರವನ್ನೇ ಗುರುತಿಸುವವರಿಲ್ಲ. ‘ಪಿತಾ’ ಎಂದರೆ ‘ಸಂಜಯ್ ದತ್‌ದು ಅಲ್ಲೇನ್ರೀ?’ ಎನ್ನುತ್ತಾರೆ. ಅದು ಬೇರೆ, 2002ರದು.

ಕನ್ನಡದಲ್ಲಿ 1996ರ ‘ಅಪ್ಪಾಜಿ’ ಉಂಟು. ಡಿ. ರಾಜೇಂದ್ರ ಬಾಬು ನಿರ್ದೇಶನ, ವಿಷ್ಣುವರ್ಧನ್ ನಾಯಕ. 2012ರಲ್ಲಿ ಎಸ್. ನಾರಾಯಣ್ ಅವರ ‘ಅಪ್ಪಯ್ಯ’ ಬಂತು. ದೊಡ್ಡವರ ಚಿತ್ರಕ್ಕೆ ಸಾಕ್ಷಿ ಹೇಳುವವರು ಬೇಕಾದಷ್ಟು. ನಾಲ್ಕು ದಿನ ಓಡಿ ಡಬ್ಬಿ ಸೇರಿದ ಬಡ ಚಿತ್ರಕ್ಕೆ ಯಾರು?

ಇದರ ಕಷ್ಟ ನಮ್ಮೂರಿಗೆ ಬರುವ ಭಕ್ತರಿಗೆ ಗೊತ್ತು. ಗಾಣಗಾಪುರ ಬಂತೆಂದು ರೈಲಿಳಿದರೆ ಅದು ‘ಗಾಣಗಾಪುರ ರೋಡ್’. ದತ್ತನ ಗುಡಿಗೆ ಮತ್ತೆ ಬಸ್ಸೇ ಗತಿ. ಹೆಸರೊಂದೇ ಸಾಲದು, ಮುಂದಿನ ಮಾತೂ ಬೇಕು. ಸಿನಿಮಾಕ್ಕೆ ಆ ಮುಂದಿನ ಮಾತೆಂದರೆ ವರ್ಷ, ಭಾಷೆ, ನಿರ್ದೇಶಕನ ಹೆಸರು.

ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ತಯಾರಾದದ್ದು ಕೊಲ್ಲಾಪುರದಲ್ಲಿ. ಇಂದು ಅದರ ಒಂದು ಪ್ರಿಂಟೂ ಇಲ್ಲ. ಆದರೂ ಯಾವತ್ತು ಬಂತು, ಯಾರು ಮಾಡಿದರು ಎಂದು ಬಲ್ಲೆವು. ರೀಲು ಹೋಯಿತು, ಬರಹ ಉಳಿಯಿತು!

ಚಿತ್ರ ಕಾಪಾಡಲೆಂದೇ 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಶುರುವಾಯಿತು. ಅಲ್ಲಿ ರೀಲಷ್ಟೇ ಅಲ್ಲ, ಪೋಸ್ಟರು, ಫೋಟೋ, ಹಾಡಿನ ಪುಸ್ತಕವನ್ನೂ ಇಡುತ್ತಾರೆ. ನಮ್ಮ ಸ್ಟೇಷನ್ನಿನಿಂದ ಸೊಲ್ಲಾಪುರದ ಮೇಲೆ ಹಾದರೆ ಪುಣೆಯೇನು ದೂರವಲ್ಲ. ಆದರೆ ಅಲ್ಲಿಗೆ ಮುಟ್ಟುವ ಮುಂಚೆಯೇ ಕಾಗದ ರದ್ದಿಗೆ ಹೋದರೆ?

ಆದ್ದರಿಂದ ಅಂಗಡಿಕಾರ ಬಂಧುಗಳೇ, ಹಳೇ ಟ್ರಂಕಿನಲ್ಲೋ ಮಾಡಿನ ಹಾಸಿನಲ್ಲೋ ಸಿನಿಮಾ ಪೋಸ್ಟರು, ಹಾಡಿನ ಪುಸ್ತಕ ಸಿಕ್ಕರೆ ಶೇಂಗಾ ಕಟ್ಟಿ ಕೊಡಬೇಡಿ. ಮೊದಲು ಅದರ ಮೇಲಿನ ವರ್ಷ, ಹೆಸರು ಓದಿ. ಚಿತ್ರ ನೋಡಿದ ಮುತ್ಯಾ ಮನೆಯಲ್ಲಿದ್ದರೆ ಯಾವ ಟಾಕೀಸು, ಯಾವ ವರ್ಷ ಎಂದು ಕೇಳಿ ಬರೆದಿಡಿ. ಪಟ್ಟಣದ ಪಂಡಿತರು ಬಂದು ಬರೆಯಲೆಂದು ಕಾಯುವುದು ಬೇಡ.

ಅಪ್ಪನ ಹೆಸರು ಮಕ್ಕಳು ಉಳಿಸಬೇಕು ಎನ್ನುತ್ತೇವೆ. ‘ಅಪ್ಪ’ ಎಂಬ ಸಿನಿಮಾದ ಹೆಸರು ಉಳಿಸುವವರು ನೋಡಿದವರೇ ಅಲ್ಲವೇನ್ರೀ?