ಸಭೆಯೂ ದನಿಗೂಡಿಸಿದ ಗಾನಮುದ್ರಿಕೆ

ಕಾವ್ಯವು ಕವಿಯೊಬ್ಬನಿಂದಲೇ ಪೂರ್ಣವಾಗದು, ಅದಕ್ಕೆ ಸಹೃದಯನೂ ಬೇಕೆಂದು ನಮ್ಮ ಆಲಂಕಾರಿಕರು ಹೇಳುತ್ತ ಬಂದಿದ್ದಾರೆ. ಇದಕ್ಕೆ ನಿದರ್ಶನವನ್ನು ಪಾಶ್ಚಾತ್ಯರ ಅಬ್ಬರದ ರಾಕ್ ಸಂಗೀತದಲ್ಲಿ ತೋರಿಸಹೊರಟರೆ ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ಆದರೂ ಪೀಟರ್ ಫ್ರಾಂಪ್ಟನ್ನರ ‘ಫ್ರಾಂಪ್ಟನ್ ಕಮ್ಸ್ ಅಲೈವ್!’ ಎಂಬ ೧೯೭೬ರ ಮುದ್ರಿಕೆಯಷ್ಟು ಸ್ಪಷ್ಟವಾದ ನಿದರ್ಶನವು ನನಗೆ ಬೇರೆ ಕಾಣದು.

ಇವರು ೧೯೫೦ರಲ್ಲಿ ಇಂಗ್ಲೆಂಡಿನ ಬೆಕೆನ್‌ಹ್ಯಾಮಿನಲ್ಲಿ ಹುಟ್ಟಿದರು. ತಂದೆ ಓವೆನ್ ಫ್ರಾಂಪ್ಟನ್ ಚಿತ್ರಕಲೆಯ ಉಪಾಧ್ಯಾಯರು. ಮುಂದೆ ಜಗತ್ಪ್ರಸಿದ್ಧರಾದ ಗಾಯಕ ಡೇವಿಡ್ ಬೋವಿ ಅವರಲ್ಲಿ ಕಲಿತವರು. (ಉಪಾಧ್ಯಾಯರ ಮನೆಯ ಮಗನೆಂದು ನನಗೆ ತುಸು ಪಕ್ಷಪಾತವಿದ್ದರೆ ವಾಚಕರು ಮನ್ನಿಸಬೇಕು.) ‘ಹಂಬಲ್ ಪೈ’ ಎಂಬ ಮೇಳವನ್ನು ೧೯೭೧ರಲ್ಲಿ ಬಿಟ್ಟು, ೧೯೭೫ರೊಳಗಾಗಿ ಸ್ವತಂತ್ರವಾಗಿ ನಾಲ್ಕು ಮುದ್ರಿಕೆಗಳನ್ನು ಹೊರತಂದರು. ಯಾವುದಕ್ಕೂ ದೊಡ್ಡ ಮನ್ನಣೆ ದೊರೆಯಲಿಲ್ಲ. ಅದೇ ಹಾಡುಗಳನ್ನು ಊರೂರಿಗೆ ಹೋಗಿ ಸಭೆಯೆದುರು ಹಾಡಿದಾಗ ಮಾತ್ರ ಅವಕ್ಕೆ ಜೀವ ಬರುತ್ತಿತ್ತು.

ಆದುದರಿಂದ ೧೯೭೫ರಲ್ಲಿ ಸಭೆಗಳಲ್ಲಿಯೇ ಧ್ವನಿಮುದ್ರಣ ನಡೆಯಿತು. ಹೆಚ್ಚಿನ ಭಾಗ ಸ್ಯಾನ್ ಫ್ರಾನ್ಸಿಸ್ಕೋದ ವಿಂಟರ್‌ಲ್ಯಾಂಡಿನದು. ಸ್ವಲ್ಪ ಭಾಗ ನ್ಯೂಯಾರ್ಕ್ ಸಂಸ್ಥಾನದ ಲಾಂಗ್ ಐಲೆಂಡ್ ಅರೀನಾದ್ದು. ವಿಂಟರ್‌ಲ್ಯಾಂಡ್ ಮೊದಲು ಮಂಜುಗಡ್ಡೆಯ ಮೇಲೆ ಜಾರುವ ಆಟಕ್ಕಾಗಿ ಕಟ್ಟಿದ ಭವನ. ಎರಡು ಕಟ್ಟಡಗಳೂ ಈಗ ಉಳಿದಿಲ್ಲ; ಅಲ್ಲಿ ನೆರೆದವರ ಕೂಗು ಮಾತ್ರ ಉಳಿದಿದೆ. ಎರಡು ತಟ್ಟೆಗಳ ಈ ಮುದ್ರಿಕೆ ೧೯೭೬ರ ಜನವರಿಯಲ್ಲಿ ಹೊರಬಂದು, ಆ ವರ್ಷ ಒಟ್ಟು ಹತ್ತು ವಾರ ಅಮೆರಿಕದ ಪಟ್ಟಿಯ ಅಗ್ರಸ್ಥಾನದಲ್ಲಿತ್ತು. ಕಾಲಕ್ರಮದಲ್ಲಿ ಅಲ್ಲಿ ಎಂಬತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಗಾಯಕರು ಅವರೇ, ಹಾಡುಗಳೂ ಬಹುಮಟ್ಟಿಗೆ ಅವೇ. ಹೊಸದಾಗಿ ಬಂದು ಸೇರಿದವರು ಕೇಳುಗರು.

ಕೊನೆಯ ಹಾಡನ್ನು ಗಮನಿಸಬೇಕು. ಅದು ಸುಮಾರು ಹದಿನಾಲ್ಕು ನಿಮಿಷ ನಡೆಯುತ್ತದೆ. ನನ್ನ ಕಿವಿಗೆ ನಾಲ್ಕು ನಿಮಿಷ ಹೆಚ್ಚೇ. ಅದರ ನಡುವೆ ಗಿಟಾರೇ ಮಾತನಾಡತೊಡಗುತ್ತದೆ! ಗಿಟಾರಿನ ನಾದವನ್ನು ಒಂದು ನಳಿಗೆಯ ಮೂಲಕ ವಾದಕನ ಬಾಯೊಳಕ್ಕೆ ತರುತ್ತಾರೆ. ನಾಲಿಗೆ ತುಟಿಗಳ ಚಲನೆಯಿಂದ ಆ ನಾದವು ಅಕ್ಷರಗಳ ರೂಪ ತಾಳುತ್ತದೆ. ಎದುರಿನ ಮೈಕು ಅದನ್ನು ಹಿಡಿಯುತ್ತದೆ. ನಮ್ಮ ಮೋರ್ಸಿಂಗ್ ವಾದಕರು ಬಾಯಿಯ ಪೊಳ್ಳಿನಿಂದ ನಾದವನ್ನು ತಿದ್ದುವುದನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನಿಸದು. ನಮಗಾಗುತ್ತಿರುವುದೇ ನಿಮಗೂ ಆಗುತ್ತಿದೆಯೆ ಎಂದು ಗಿಟಾರು ಕೇಳುತ್ತದೆ. ಸಭೆ ಒಕ್ಕೊರಲಿನಿಂದ ಓಗೊಡುತ್ತದೆ. ಪ್ರಶ್ನೆಯನ್ನು ಮುಚ್ಚಿದ ಕೋಣೆಯಲ್ಲಿಯೂ ಮುದ್ರಿಸಬಹುದಿತ್ತು; ಉತ್ತರವನ್ನು ಎಲ್ಲಿಂದ ತರುವುದು?

ಮುಂದಿನ ಮುದ್ರಿಕೆಗಳು ಆ ಎತ್ತರವನ್ನು ಮುಟ್ಟಲಿಲ್ಲ. ಮುದ್ರಿಕೆಯ ಹೊದಿಕೆಯ ಚಿತ್ರದಲ್ಲಿ ಕಾಣುವ ಕರಿಯ ಗಿಟಾರು ೧೯೮೦ರಲ್ಲಿ ವೆನೆಜುವೆಲಾದಲ್ಲಿ ಸರಕು ವಿಮಾನವೊಂದು ಬಿದ್ದಾಗ ಸುಟ್ಟುಹೋಯಿತೆಂದು ಎಲ್ಲರೂ ನಂಬಿದ್ದರು. ೨೦೧೧ರಲ್ಲಿ ಅದು ಸುಟ್ಟ ಕಲೆಗಳನ್ನು ಹೊತ್ತು ಒಡೆಯರ ಕೈಸೇರಿತು. ವಾದ್ಯ ಮರಳಿತು; ಆದರೆ ಬೆರಳುಗಳ ಮತ್ತು ಕಾಲುಗಳ ಸ್ನಾಯುಗಳನ್ನು ಮೆಲ್ಲಮೆಲ್ಲನೆ ಕ್ಷಯಿಸುವ ವ್ಯಾಧಿಯೊಂದು ತಮಗೆ ತಗುಲಿದೆಯೆಂದು ೨೦೧೯ರಲ್ಲಿ ಫ್ರಾಂಪ್ಟನ್ನರು ತಿಳಿಸಿದರು. ಆ ವರ್ಷ ವಿದಾಯದ ಪ್ರವಾಸವನ್ನೂ ಮಾಡಿದರು. ಆದರೂ ೨೦೨೩ರಲ್ಲಿ ಮತ್ತೆ ವೇದಿಕೆಗೆ ಬಂದರು, ಕುರ್ಚಿಯ ಮೇಲೆ ಕುಳಿತೇ ನುಡಿಸಿದರು.