ಎರಡು ವರ್ಷಕ್ಕೊಮ್ಮೆ ಶಿರಸಿಯ ಬಿಡಕಿ ಬೈಲು

ಶಿರಸಿಯ ಮಾರಿಕಾಂಬೆ ದೇವೀಕೆರೆಯಲ್ಲಿ ಸಿಕ್ಕವಳು ಎನ್ನುತ್ತದೆ ಐತಿಹ್ಯ. 1688ರಲ್ಲಿ ಅವಳಿಗೆ ಗುಡಿಯಾಯಿತು.

ಮರದಲ್ಲಿ ಕಡೆದ ಏಳಡಿಯ ಮೂರ್ತಿ, ಎಂಟು ಕೈ, ಕೆಂಪು ಮುಖ. ವರ್ಷ ಬಿಟ್ಟು ವರ್ಷ, ಫಾಲ್ಗುಣದಲ್ಲಿ ಜಾತ್ರೆ. ಮಂಗಳವಾರ ರಾತ್ರಿ ದೇವಿಯ ಕಲ್ಯಾಣ. ಮರುದಿನ ರಥವೇರಿ ಬಿಡಕಿ ಬೈಲಿಗೆ ಬಂದು ಗದ್ದುಗೆಯಲ್ಲಿ ಕೂರುತ್ತಾಳೆ. ಸಿದ್ದಾಪುರ, ಯಲ್ಲಾಪುರದ ಬಸ್ಸುಗಳಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಹಗಲು ಉಡಿ ತುಂಬುವ ಸರದಿ, ರಾತ್ರಿ ನಾಟಕ, ತೊಟ್ಟಿಲು, ಬಳೆ ಅಂಗಡಿ, ಬಿಸಿ ಮಿರ್ಚಿ. ಕೆಲವರು ಬರುವುದು ಮಿರ್ಚಿಗೇ, ದೇವಿಗೂ ಅದು ಗೊತ್ತು!

ಹಿಂದೆ ಇಲ್ಲಿ ಕೋಣ ಬಲಿಯಿತ್ತು. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದರು. ಬಲಿಯ ವಿರುದ್ಧ ಊರಿನವರೇ ದನಿಯೆತ್ತಿದ್ದ ಕಾಲವದು. ಆ ಪದ್ಧತಿ ನಿಂತಿತು.

ಜಾತ್ರೆ ಮುಗಿದ ದಿನ ಅಲ್ಲಿ ಹಾಕಿದ್ದ ಚಪ್ಪರಕ್ಕೆ ಬೆಂಕಿ ಇಡುತ್ತಾರೆ. ದೇವಿ ಗುಡಿಯಲ್ಲಿ ಮತ್ತೆ ಕಾಣುವುದು ಯುಗಾದಿಗೆ.