ಕೊಂಡಿಗೆ ಕೊಂಡಿ ಕೂಡಿದಾಗ

ಗೇಣುದ್ದದ ಪ್ಲಾಸ್ಟಿಕ್ ಟ್ಯಾಂಕು. ಅಂಗೈಯಲ್ಲಿಟ್ಟರೆ ಭಾರವೇ ತಿಳಿಯದು. ಆದರೂ ನುರಿತ ಹವ್ಯಾಸಿಯ ಕೈಯಿಂದ ಮುಗಿದು ಬಂದ ಮಾದರಿಯನ್ನು ಕಂಡವರಿಗೆ, ನೆಲವನ್ನದುಮಿ ನಿಂತ ಉಕ್ಕಿನ ರಾಶಿಯನ್ನೇ ಕಂಡಂತಾಗುತ್ತದೆ. ಈ ಭ್ರಮೆ ಹುಟ್ಟುವುದು ಬಣ್ಣದಿಂದಲೇ? ಫಿರಂಗಿಯಿಂದಲೇ? ಅಲ್ಲ. ಗಾಲಿಗಳ ಮೇಲೆ ತುಸುವೇ ಜೋತುಬಿದ್ದ ಸರಪಳಿಯಲ್ಲಿ ಅದರ ಗುಟ್ಟು ಅಡಗಿದೆ.

1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಬ್ರಿಟಿಷರ ಟ್ಯಾಂಕುಗಳು ಮೊದಲ ಬಾರಿ ಯುದ್ಧಕ್ಕಿಳಿದವು. ಕೆಸರಿನಲ್ಲಿ ಹೂತುಹೋಗದಂತೆ ಅವುಗಳ ಭಾರವನ್ನು ಅಗಲವಾಗಿ ಹರಡುವುದೇ ಸರಪಳಿಯ ಕೆಲಸ. ತನ್ನ ಹಾದಿಯನ್ನು ತಾನೇ ಹಾಸಿಕೊಂಡು, ದಾಟಿದೊಡನೆ ತಾನೇ ಸುತ್ತಿಕೊಂಡು ಹೋಗುವ ವಿಚಿತ್ರ ವಾಹನವದು.

ಈ ಯಂತ್ರವನ್ನು ಮನೆಯ ಮೇಜಿಗೆ ತಂದವರಲ್ಲಿ ಜಪಾನಿನ ಶಿಜುವೋಕಾ ನಗರದ ತಾಮಿಯಾ ಸಂಸ್ಥೆ ಪ್ರಮುಖವಾದುದು. 1946ರಲ್ಲಿ ಮರ ಕೊಯ್ಯುವ ಕಾರ್ಖಾನೆಯಾಗಿ ಹುಟ್ಟಿದ ಆ ಸಂಸ್ಥೆ, 1961ರಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ಹೊರತಂದಿತು. ಒಳಗೆ ಎರಡು ಬ್ಯಾಟರಿಗಳು ಹಿಡಿಸಬೇಕೆಂದೇ ಅದರ ಗಾತ್ರವನ್ನು ಗೊತ್ತುಮಾಡಿದ್ದರು. ಬಳಿಕ ಅಳೆದು ನೋಡಿದರೆ ಅದು ಮೂಲದ ಸುಮಾರು 35ರಲ್ಲಿ ಒಂದು ಪಾಲಾಗಿತ್ತು! ಆಕಸ್ಮಿಕವಾಗಿ ಒದಗಿದ ಆ ಪ್ರಮಾಣವೇ ಮುಂದೆ ಜಗತ್ತಿನ ಹವ್ಯಾಸಿಗಳಿಗೆಲ್ಲ ರೂಢಿಯಾಯಿತು.

ಮೋಟಾರಿನಿಂದ ಓಡುವ ಆಟಿಕೆಗೆ ಬಾಗುವ ಒಂದೇ ಪಟ್ಟಿ ಸಾಕು. ಆದರೆ ಆ ಪಟ್ಟಿ ಬಿಗಿಯಾಗಿ ನಿಲ್ಲುವುದೇ ಹೊರತು ಉಕ್ಕಿನಂತೆ ಜೋಲುವುದಿಲ್ಲ. ಆದುದರಿಂದಲೇ, ನೋಟಕ್ಕಾಗಿ ಟ್ಯಾಂಕು ಕಟ್ಟುವವರು ಒಂದೊಂದೇ ಕೊಂಡಿಯನ್ನು ಬೇರೆ ಬೇರೆಯಾಗಿ ಜೋಡಿಸುವ ಕಷ್ಟವನ್ನು ಮೈಮೇಲೆ ಹಾಕಿಕೊಂಡರು.

ಸೋವಿಯತ್ ರಷ್ಯದ ಟಿ-34 ಟ್ಯಾಂಕನ್ನೇ ನೋಡೋಣ. ಅದರ ಒಂದೊಂದು ಬದಿಗೆ 72 ಕೊಂಡಿಗಳು; ಎರಡೂ ಬದಿ ಸೇರಿ 144. ಮಾದರಿಯಲ್ಲಿ ಕೊಂಡಿಯೊಂದರ ಉದ್ದ ಸುಮಾರು ಐದು ಮಿಲಿಮೀಟರು, ಅಗಲ ಹದಿನಾಲ್ಕು. ಪ್ರತಿಯೊಂದನ್ನೂ ಪ್ಲಾಸ್ಟಿಕ್ ಚೌಕಟ್ಟಿನಿಂದ ಕತ್ತರಿಸಬೇಕು; ಕತ್ತರಿಸಿದೆಡೆ ಉಳಿದ ಮುಳ್ಳನ್ನು ಅರದಿಂದ ಉಜ್ಜಿ ನುಣುಪು ಮಾಡಬೇಕು. ಒಂದಕ್ಕೆ ಒಂದೇ ನಿಮಿಷವೆಂದರೂ ಎರಡು ಗಂಟೆ ಇಪ್ಪತ್ತನಾಲ್ಕು ನಿಮಿಷಗಳಾದವು. “ಇನ್ನೂ ಮುಗಿಯಲಿಲ್ಲವೇ?” ಎಂದು ಮನೆಯವರು ಕೇಳುವುದು ಈ ಹೊತ್ತಿನಲ್ಲಿಯೇ!

ಅವಸರಪಟ್ಟರೆ ಕೆಲಸ ಕೆಟ್ಟಿತು. ಟಿ-34ರಲ್ಲಿ ಹಲ್ಲುಳ್ಳ ಕೊಂಡಿ, ಚಪ್ಪಟೆ ಕೊಂಡಿ, ಮತ್ತೆ ಹಲ್ಲುಳ್ಳದ್ದು, ಹೀಗೆ ಸಾಲು ಬರಬೇಕು. ಕನಕಾಂಬರ, ಮಲ್ಲಿಗೆಗಳನ್ನು ಒಂದು ಬಿಟ್ಟು ಒಂದರಂತೆ ಕಟ್ಟುವಾಗ ಒಂದೆಡೆ ತಪ್ಪಿದರೆ ಮಾಲೆಯ ಅಂದವಷ್ಟೇ ಕೆಡುತ್ತದೆ. ಇಲ್ಲಿಯಾದರೋ ಸರಪಳಿಯ ಹಲ್ಲು ಹಿಂಬದಿಯ ಚಾಲಕಚಕ್ರಕ್ಕೆ ಕೂಡುವುದೇ ಇಲ್ಲ.

ಅಂಟಿಸುವ ಕ್ಷಣವೂ ನಾಜೂಕಿನದು. ಕೊಂಡಿಗಳನ್ನು ನೇರಪಟ್ಟಿಯ ಅಂಚಿಗೆ ಸಾಲಾಗಿಟ್ಟು, ಕುಂಚದ ತುದಿಯಿಂದ ಅಂಟುದ್ರವವನ್ನು ಮುಟ್ಟಿಸುತ್ತಾರೆ. ಆ ದ್ರವ ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವಂಥದು. ಆತುರಪಟ್ಟು ಎತ್ತಿದರೆ ಸರಪಳಿ ಕಳಚುತ್ತದೆ. ಮರೆತು ಕುಳಿತರೆ ಗಡುಸಾಗಿ ಬಾಗಲೊಲ್ಲದು. ಅರೆಬರೆ ಒಣಗಿ ಇನ್ನೂ ಬಳುಕುವ ಹದದಲ್ಲಿಯೇ ಅದನ್ನೆತ್ತಿ ಗಾಲಿಗಳ ಮೇಲೆ ಹಾಯಿಸಬೇಕು. ಐದು ದೊಡ್ಡ ಗಾಲಿಗಳ ನಡುನಡುವೆ ಮೆಲ್ಲನೊತ್ತಿ, ಸಣ್ಣ ಸ್ಪಂಜಿನ ತುಂಡುಗಳನ್ನು ಸಿಕ್ಕಿಸಿ, ರಾತ್ರಿಯೆಲ್ಲ ಹಾಗೆಯೇ ಬಿಡುವುದು ವಾಡಿಕೆ. ಬೆಳಗ್ಗೆ ಸ್ಪಂಜು ತೆಗೆದಾಗ ಆ ಜೋಲು ಹಾಗೆಯೇ ನಿಂತಿದ್ದರೆ, ಹಗುರವಾದ ಪ್ಲಾಸ್ಟಿಕ್ಕಿಗೆ ಉಕ್ಕಿನ ತೂಕ ಬಂದಿತೆಂದೇ ಲೆಕ್ಕ.

ಇಷ್ಟೊಂದು ಶ್ರಮ ಒಂದು ಬೊಂಬೆಗೇ ಎಂದು ನಗುವವರುಂಟು. ಆದರೆ ಈ ಕೆಲಸ ಕೈಗೆ ಕಲಿಸುವ ಪಾಠವೊಂದಿದೆ. ನಿಜವಾದ ಟಿ-34ರಲ್ಲಿ ಕೊಂಡಿಗಳನ್ನು ಪೋಣಿಸುವ ಉಕ್ಕಿನ ಕೀಲುಗಳಿಗೆ ಒಳಬದಿಯಲ್ಲಿ ಮಾತ್ರ ತಲೆ. ಓಟದಲ್ಲಿ ಕೀಲು ಸಡಿಲವಾಗಿ ಹೊರಜಾರಿದರೆ, ಟ್ಯಾಂಕಿನ ಒಡಲಿಗೆ ಬೆಸೆದ ಉಕ್ಕಿನ ತುಂಡೊಂದು ಅದರ ತಲೆಗೆ ಬಡಿದು ಮತ್ತೆ ಸ್ವಸ್ಥಾನಕ್ಕೆ ತಳ್ಳುತ್ತಿತ್ತು. ಎಷ್ಟು ಸರಳ ಉಪಾಯ! ಆದರೆ ಸಿಡಿಮದ್ದು ತಗುಲಿ ಸರಪಳಿಯೇ ತುಂಡಾದರೆ ಉಪಾಯವೆಲ್ಲಿಯದು? ಇಪ್ಪತ್ತಾರು ಟನ್ನಿಗೂ ಮಿಕ್ಕ ಯಂತ್ರ ಇದ್ದಲ್ಲಿಯೇ ನಿಂತು ಶತ್ರುವಿಗೆ ಗುರಿಯಾಗುತ್ತಿತ್ತು. ಒಳಗಿನವರು ಉಕ್ಕಿನ ಆಸರೆಯನ್ನು ಬಿಟ್ಟು, ಕೆಸರಿಗೋ ಹಿಮಕ್ಕೋ ಇಳಿದು, ಸುತ್ತಿಗೆ ಹಿಡಿದು ಕೊಂಡಿಗೆ ಕೊಂಡಿ ಕೂಡಿಸಬೇಕಾಗಿತ್ತು. ಒಂದು ಕೀಲಿನ ಮೇಲೆ ಅವರೆಲ್ಲರ ಪ್ರಾಣ ನಿಂತಿತ್ತು.

ದೀಪದ ಬೆಳಕಿನಲ್ಲಿ ಚಿಮಟ ಹಿಡಿದು ಕುಳಿತವನ ಕೈಯಿಂದ ಕೊಂಡಿಯೊಂದು ಜಾರಿ ಮೇಜಿನಡಿ ಬೀಳುತ್ತದೆ. ಅವನು ಬೇಸರದಿಂದ ಬಗ್ಗಿ ಹುಡುಕುತ್ತಾನೆ. ಕೊರೆಯುವ ಚಳಿಯಲ್ಲಿ, ಮರಗಟ್ಟಿದ ಬೆರಳುಗಳಿಂದ ಇದನ್ನೇ ಹುಡುಕಿದವರ ನೆನಪು ಆಗ ಅವನಿಗೆ ಬಾರದಿರದು. ಅಂದಿನಿಂದ ಆ ಟ್ಯಾಂಕು ಅವನ ಕಣ್ಣಿಗೆ ಬರಿಯ ಆಟಿಕೆಯಾಗಿ ಉಳಿಯುವುದಿಲ್ಲ.